ಅಂಗಡಿಯವರು ‘ಇಂಟೆಲ್ಲೇ ತಗೊಳ್ಳಿ’ ಅಂದರೆ ನಂಬಬಹುದಾ?

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಚಿಕ್ಕ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೇನೆ. ಟ್ಯಾಲಿ, ಎಕ್ಸೆಲ್, ನುಡಿಯಲ್ಲಿ ಕನ್ನಡ ಟೈಪಿಂಗ್, ಸ್ವಲ್ಪ ಡಿಟಿಪಿ ಕಲಿಸುತ್ತೇವೆ. ಹಳೆಯ ಯಂತ್ರಗಳನ್ನು ತೆಗೆದು ಹತ್ತು ಕಂಪ್ಯೂಟರ್ ಹಾಕಬೇಕು. ಅಂಗಡಿಯವರು ‘ಇಂಟೆಲ್ಲೇ ತಗೊಳ್ಳಿ, ಎಎಂಡಿ ಬಿಸಿಯಾಗುತ್ತೆ, ಎರಡು ವರ್ಷಕ್ಕೆ ಕೈಕೊಡುತ್ತೆ’ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ‘ಇಂಟೆಲ್ ಮುಳುಗ್ತಿದೆ ಮಾವ, ಅದಕ್ಕೆ ದುಡ್ಡು ಹಾಕ್ಬೇಡಿ’ ಅನ್ನುತ್ತಾನೆ. ಮಗಳಿಗೆ ಫೋನ್ ಕೊಡಿಸೋಣ ಅಂತ ಹೋದರೆ ಅಲ್ಲೂ ಇದೇ ಕಥೆ. ಸ್ನ್ಯಾಪ್‌ಡ್ರ್ಯಾಗನ್ ಇದ್ದರೆ ಮಾತ್ರ ಒಳ್ಳೆಯದಂತೆ, ಮೀಡಿಯಾಟೆಕ್ ಡಬ್ಬಾ ಅಂತೆ. ಇಡೀ ಪ್ರಪಂಚಕ್ಕೆ ಎರಡು ಮೂರೇ ಕಂಪನಿ ಯಾಕೆ? ಇವರೆಲ್ಲ ಒಳಗೊಳಗೇ ಸೇರಿಕೊಂಡು ನಮ್ಮಿಂದ ಜಾಸ್ತಿ ದುಡ್ಡು ಕೀಳುತ್ತಿದ್ದಾರಾ? ನಾನು ತೆಗೆದುಕೊಂಡ ಮೇಲೆ ಆ ಕಂಪನಿಯೇ ಮುಚ್ಚಿಹೋದರೆ ಏನು ಗತಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಹೆಣೆದುಕೊಂಡಿವೆ. ಒಂದು, ಹತ್ತು ಯಂತ್ರಕ್ಕೆ ಹಾಕುವ ದುಡ್ಡು ವ್ಯರ್ಥ ಆಗಬಾರದು. ಇನ್ನೊಂದು, ಈ ಮಾರುಕಟ್ಟೆಯೇ ಪ್ರಾಮಾಣಿಕವಾ ಅನ್ನುವ ಅನುಮಾನ. ಮೊದಲನೆಯದಕ್ಕೆ ಉತ್ತರ ಸುಲಭ. ಇಂಟೆಲ್, ಎಎಂಡಿ ಎರಡೂ ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಚಿಪ್ ಮಾಡುವ ಕಂಪನಿಗಳು. ನೀವು ಕಲಿಸುವ ಕೆಲಸಕ್ಕೆ ಇಂಟೆಲ್ ಆದರೂ ಸರಿ, ಎಎಂಡಿ ಆದರೂ ಸರಿ. ನೋಡಬೇಕಾದದ್ದು ಪೂರ್ತಿ ಮಾಡೆಲ್ ನಂಬರ್. ಎರಡನೆಯದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಯಾಕೆಂದರೆ ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ.

ಮೊದಲು ಬಿಸಿಯ ವಿಷಯ. ಅಂಗಡಿಯವರು ಇದನ್ನು ಸುಮ್ನೆ ಹುಟ್ಟಿಸಿಕೊಂಡು ಹೇಳುತ್ತಿಲ್ಲ. 2001ರಲ್ಲಿ ಒಂದು ವಿಡಿಯೊ ಜಗತ್ತೆಲ್ಲ ಓಡಾಡಿತು. ಓಡುತ್ತಿರುವ ಕಂಪ್ಯೂಟರ್‌ನಿಂದ ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಹೀರುವ ಲೋಹದ ಭಾಗ) ಕಿತ್ತರೆ ಇಂಟೆಲ್‌ನ ಪೆಂಟಿಯಮ್ 4 ತಾನೇ ನಿಧಾನವಾಗಿ ಬಚಾವಾಗುತ್ತಿತ್ತು. ಎಎಂಡಿಯ ಆಗಿನ ಅಥ್ಲಾನ್ ಹೊಗೆ ಬಿಟ್ಟು ಸುಟ್ಟುಹೋಗುತ್ತಿತ್ತು. ಮುಂದೆ 2011ರಲ್ಲಿ ಬಂದ ಎಎಂಡಿಯ ಎಫ್ಎಕ್ಸ್ ಸಾಲಿನ ಚಿಪ್‌ಗಳು ವೇಗದಲ್ಲಿ ಹಿಂದೆ, ಕರೆಂಟು ತಿನ್ನುವುದರಲ್ಲಿ ಮುಂದೆ. 2013ರ ಎಫ್ಎಕ್ಸ್-9590 ಅನ್ನುವ ಚಿಪ್ಪಿಗೆ ಕಂಪನಿಯೇ ಬರೆದುಕೊಂಡ ಲೆಕ್ಕ 220 ವಾಟ್. ಆ ಕಾಲದಲ್ಲಿ ರಿಪೇರಿ ಟೇಬಲ್ ಮುಂದೆ ಕೂತಿದ್ದವರಿಗೆ ಎಎಂಡಿ ಅಂದರೆ ಬಿಸಿ ಅನ್ನುವುದು ಕಣ್ಣಾರೆ ಕಂಡ ಸತ್ಯ.

ಆದರೆ ಆ ಸತ್ಯಕ್ಕೆ ವಯಸ್ಸಾಗಿದೆ. 2014ರಲ್ಲಿ ಲೀಸಾ ಸು ಎಎಂಡಿಯ ಮುಖ್ಯಸ್ಥೆಯಾದರು. 2017ರಲ್ಲಿ ಹೊಸ ವಿನ್ಯಾಸದ ರೈಜನ್ ಬಂತು. 2019ರಿಂದ ಅದರ ಮುಖ್ಯ ಭಾಗ ಬೇರೆಯವರಿಗೆ ಚಿಪ್ ತಯಾರಿಸಿ ಕೊಡುವ ತೈವಾನಿನ ಟಿಎಸ್‌ಎಂಸಿಯಲ್ಲಿ 7 ನ್ಯಾನೊಮೀಟರ್ ತಂತ್ರದಲ್ಲಿ ತಯಾರಾಗತೊಡಗಿತು. ಇಂಟೆಲ್ ಆಗ ತನ್ನ 10 ನ್ಯಾನೊಮೀಟರ್ ತಂತ್ರ ಕೈಗೆ ಹತ್ತದೆ ವರ್ಷಗಟ್ಟಲೆ ಒದ್ದಾಡುತ್ತಿತ್ತು. 2021ರಲ್ಲಿ ಬಂದ ಹನ್ನೊಂದನೇ ಜನರೇಷನ್ ಡೆಸ್ಕ್‌ಟಾಪ್ ಚಿಪ್‌ಗಳನ್ನೂ ಹಳೆಯ 14 ನ್ಯಾನೊಮೀಟರ್‌ನಲ್ಲೇ ಮಾಡಿತು. ನ್ಯಾನೊಮೀಟರ್ ಅಂಕಿ ಚಿಪ್ಪಿನ ಒಳಭಾಗಗಳು ಎಷ್ಟು ಸಣ್ಣ ಅನ್ನುವುದರ ಸ್ಥೂಲ ಗುರುತು. ಸಣ್ಣ ನ್ಯಾನೊಮೀಟರ್ ಅಂದರೆ ಸಾಮಾನ್ಯವಾಗಿ ಅದೇ ಕೆಲಸಕ್ಕೆ ಕಡಿಮೆ ಕರೆಂಟು, ಕಡಿಮೆ ಬಿಸಿ. ಅಲ್ಲಿಗೆ ಲೆಕ್ಕ ತಿರುಗಿಬಿತ್ತು. 2024ರಲ್ಲಂತೂ ಇಂಟೆಲ್‌ನ 13 ಮತ್ತು 14ನೇ ಜನರೇಷನ್‌ನ ಮೇಲ್ದರ್ಜೆಯ ಡೆಸ್ಕ್‌ಟಾಪ್ ಚಿಪ್‌ಗಳು ವೋಲ್ಟೇಜ್ ಜಾಸ್ತಿಯಾಗಿ ಹಾಳಾಗುತ್ತಿವೆ ಅನ್ನುವುದು ಬಯಲಾಯಿತು. ಕಂಪನಿ ಅದನ್ನು ಒಪ್ಪಿಕೊಂಡು ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು.

ನಿಮ್ಮಂಥ ಕೇಂದ್ರಗಳಲ್ಲಿ ಯಂತ್ರ ಬಿಸಿಯಾಗುವುದಕ್ಕೆ ನಾನು ಕಂಡಿರುವ ಕಾರಣಗಳೇ ಬೇರೆ. ಫ್ಯಾನಿನ ತುಂಬ ಧೂಳು, ಒಣಗಿದ ಥರ್ಮಲ್ ಪೇಸ್ಟ್, ಗೋಡೆಗೆ ಒತ್ತಿ ಇಟ್ಟ ಕ್ಯಾಬಿನೆಟ್, ಮೂರನೇ ದರ್ಜೆಯ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟು ಒದಗಿಸುವ ಪೆಟ್ಟಿಗೆ). ಇದಕ್ಕೆ ಯಾವ ಬ್ರ್ಯಾಂಡೂ ಉತ್ತರ ಕೊಡುವುದಿಲ್ಲ.

ಹಾಗಾದರೆ ಹಳೆಯ ಮಾತು ಅಂಗಡಿಯಲ್ಲಿ ಇನ್ನೂ ಯಾಕೆ ಉಳಿದಿದೆ? ಇಲ್ಲಿಂದಲೇ ನಿಮ್ಮ ಎರಡನೇ ಚಿಂತೆ ಶುರುವಾಗುತ್ತದೆ. ದೊಡ್ಡ ಕಂಪನಿಯ ಬಲ ಇರುವುದು ಬರೀ ಅದರ ಚಿಪ್ಪಿನಲ್ಲಲ್ಲ. ಅಂಗಡಿಯ ಕಪಾಟಿನಲ್ಲಿ ಏನು ಇರಬೇಕು ಅನ್ನುವುದನ್ನು ತೀರ್ಮಾನಿಸುವ ದುಡ್ಡಿನಲ್ಲೂ ಇದೆ.

2009ರ ಮೇ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ಇಂಟೆಲ್‌ಗೆ 106 ಕೋಟಿ ಯೂರೋ ದಂಡ ಹಾಕಿತು. ಆರೋಪ ಹೀಗಿತ್ತು. ಚಿಪ್‌ಗಳನ್ನು ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ನಮ್ಮಿಂದಲೇ ಕೊಂಡರೆ ರಿಬೇಟ್ ಕೊಡುತ್ತೇವೆ ಅಂತ ಇಂಟೆಲ್ ದೊಡ್ಡ ಕಂಪ್ಯೂಟರ್ ತಯಾರಕರಿಗೆ ಹೇಳುತ್ತಿತ್ತು. ಯುರೋಪಿನ ಮೀಡಿಯಾ-ಸ್ಯಾಟರ್ನ್ ಅನ್ನುವ ದೊಡ್ಡ ಅಂಗಡಿ ಸರಣಿಗೆ, ಇಂಟೆಲ್ ಇರುವ ಕಂಪ್ಯೂಟರ್ ಮಾತ್ರ ಮಾರಲಿ ಅಂತ ದುಡ್ಡು ಕೊಡುತ್ತಿತ್ತು. ಎಎಂಡಿ ಚಿಪ್ ಹಾಕಿದ ಕೆಲವು ಮಾಡೆಲ್‌ಗಳ ಬಿಡುಗಡೆಯನ್ನು ತಡಮಾಡಲು, ನಿಲ್ಲಿಸಲು ತಯಾರಕರಿಗೆ ಹಣ ಕೊಟ್ಟಿತ್ತು. ಕಮಿಷನ್ ಒಂದು ಉದಾಹರಣೆ ಕೊಟ್ಟಿತ್ತು, ನನಗೆ ಅದು ಇಡೀ ಪ್ರಕರಣದ ತಿರುಳು. ಎಎಂಡಿ ಒಬ್ಬ ತಯಾರಕರಿಗೆ ಹತ್ತು ಲಕ್ಷ ಚಿಪ್‌ಗಳನ್ನು ಪುಕ್ಕಟೆಯಾಗಿ ಕೊಡಲು ಹೋಯಿತು. ಅವರು ತೆಗೆದುಕೊಂಡದ್ದು 1,60,000 ಮಾತ್ರ. ಪೂರ್ತಿ ತೆಗೆದುಕೊಂಡಿದ್ದರೆ ಉಳಿದ ಲಕ್ಷಾಂತರ ಚಿಪ್‌ಗಳ ಮೇಲಿನ ಇಂಟೆಲ್ ರಿಬೇಟ್ ಕೈತಪ್ಪುತ್ತಿತ್ತು. ಪುಕ್ಕಟೆ ಮಾಲೂ ದುಬಾರಿಯಾಗುವ ಮಾರುಕಟ್ಟೆಯಲ್ಲಿ ಸಣ್ಣವನು ಹೇಗೆ ಬೆಳೆಯಬೇಕು, ಹೇಳಿ.

ಅದೇ ವರ್ಷ ನವೆಂಬರ್‌ನಲ್ಲಿ ಇಂಟೆಲ್ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟು ಎರಡೂ ಕಂಪನಿಗಳ ನಡುವಿನ ದಾವೆಗಳನ್ನು ರಾಜಿ ಮಾಡಿಕೊಂಡಿತು. ಆದರೆ ಯುರೋಪಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ನ್ಯಾಯಾಲಯಗಳು ಕಮಿಷನ್ನಿನ ಕಿವಿಯನ್ನೂ ಹಿಂಡಿದವು. ರಿಬೇಟ್ ಕೊಡುವುದೇ ತಪ್ಪಲ್ಲ, ಅಷ್ಟೇ ದಕ್ಷತೆ ಇರುವ ಎದುರಾಳಿಯೂ ಅದರಿಂದ ಹೊರಬೀಳುತ್ತಿದ್ದ ಅನ್ನುವುದನ್ನು ಸರಿಯಾಗಿ ತೋರಿಸಿಲ್ಲ ಎಂದು 2022ರಲ್ಲಿ ದಂಡವನ್ನು ರದ್ದು ಮಾಡಿದವು. 2024ರ ಅಕ್ಟೋಬರ್‌ನಲ್ಲಿ ಮೇಲಿನ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಬಿಡುಗಡೆ ತಡಮಾಡಿಸಲು ದುಡ್ಡು ಕೊಟ್ಟ ಭಾಗ ಮಾತ್ರ ನಿಂತಿತು. ಅದಕ್ಕೆ ಕಮಿಷನ್ 2023ರಲ್ಲಿ ಮತ್ತೆ ಸುಮಾರು 37.6 ಕೋಟಿ ಯೂರೋ ದಂಡ ಹಾಕಿತು, ಅದರ ಮೇಲೂ ಕೋರ್ಟು ನಡೆಯಿತು. ‘ಇಂಟೆಲ್ ಕಳ್ಳ ಅಂತ ಸಾಬೀತಾಗಿದೆ’ ಅನ್ನುವವರೂ ಅರ್ಧ ಓದಿದವರು, ‘ನಿರ್ದೋಷಿ ಅಂತ ಬಿಟ್ಟರಲ್ಲ’ ಅನ್ನುವವರೂ ಅರ್ಧ ಓದಿದವರು.

ನಿಮ್ಮ ಊರಿನ ಅಂಗಡಿಯವರಿಗೆ ಯಾರೋ ಲಂಚ ಕೊಟ್ಟಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಅವರ ಸ್ಥಿತಿ ನೋಡಿ. ಡಿಸ್ಟ್ರಿಬ್ಯೂಟರ್ ಹತ್ತಿರ ಯಾವ ಮಾಲು ಸದಾ ಸಿಗುತ್ತದೆ, ಯಾವುದಕ್ಕೆ ಸ್ಕೀಮ್ ಇದೆ, ಕೆಟ್ಟರೆ ಯಾವುದು ಬೇಗ ಬದಲಾಗಿ ಬರುತ್ತದೆ, ಯಾವುದರ ಮದರ್‌ಬೋರ್ಡ್ ಕಪಾಟಿನಲ್ಲಿ ಬಿದ್ದಿದೆ, ಇವೆಲ್ಲ ಸೇರಿ ‘ಇಂಟೆಲ್ಲೇ ತಗೊಳ್ಳಿ’ ಅನ್ನುವ ಮಾತಾಗುತ್ತದೆ. ಅದರಲ್ಲಿ ಸರ್ವಿಸ್ ವಿಷಯ ನಿಮಗೂ ಬೇಕಾದದ್ದೇ. ಹತ್ತಿರದಲ್ಲಿ ಬಿಡಿಭಾಗ ಸಿಗದ ಚಿಪ್ಪನ್ನು ತತ್ವಕ್ಕೋಸ್ಕರ ಕೊಳ್ಳಬೇಕಿಲ್ಲ.

ನಮ್ಮಲ್ಲೂ ಒಂದು ಪ್ರಕರಣ ಇದೆ, ನಿಮಗೆ ನೇರವಾಗಿ ತಟ್ಟುವಂಥದ್ದು. ಇಂಟೆಲ್ 2016ರಲ್ಲಿ ಭಾರತಕ್ಕೆ ಮಾತ್ರ ಅನ್ವಯಿಸುವ ವಾರಂಟಿ ನಿಯಮ ತಂದಿತು, 2024ರಲ್ಲಿ ಅದನ್ನು ಕೈಬಿಟ್ಟಿತು. ಬಾಕ್ಸ್ ಪ್ರೊಸೆಸರನ್ನು ಭಾರತದ ಅಧಿಕೃತ ವಿತರಕರ ಮೂಲಕ ಕೊಂಡಿದ್ದರೆ ಮಾತ್ರ ಆಗ ಇಲ್ಲಿ ವಾರಂಟಿ ಸಿಗುತ್ತಿತ್ತು. ಹೊರದೇಶದ ಅಧಿಕೃತ ವಿತರಕರಿಂದ ಆಮದಾದ ಅಸಲಿ ಮಾಲಿಗೂ ಇಲ್ಲಿ ಇರಲಿಲ್ಲ. ಇದರಿಂದ ಅಗ್ಗದ ಆಮದು ನಿಂತು ಇಲ್ಲಿನ ಬೆಲೆ ಏರುತ್ತದೆ ಅನ್ನುವ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗ 2019ರಲ್ಲಿ ತನಿಖೆಗೆ ಆದೇಶ ಮಾಡಿತು. ಇಂಟೆಲ್ ಅದರ ವಿರುದ್ಧ ಕರ್ನಾಟಕ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು. ನೀವು ಅಸೆಂಬಲ್ ಮಾಡಿಸುವುದಾದರೆ ಪ್ರೊಸೆಸರ್ ಸೀಲ್ ಇರುವ ಬಾಕ್ಸಿನದ್ದೋ, ಬಾಕ್ಸ್ ಇಲ್ಲದ ‘ಟ್ರೇ’ ಮಾಲೋ ಕೇಳಿ. ಟ್ರೇ ಮಾಲಿಗೆ ಸಾಮಾನ್ಯವಾಗಿ ಮಾರಿದವರೇ ಹೊಣೆ, ಕಂಪನಿ ಅಲ್ಲ.

ಈಗ, ಎರಡೇ ಕಂಪನಿ ಯಾಕೆ? 1981ರಲ್ಲಿ ಐಬಿಎಂ ತನ್ನ ಪಿಸಿಗೆ ಇಂಟೆಲ್‌ನ 8088 ಚಿಪ್ ಆರಿಸಿಕೊಂಡಿತು. ಒಬ್ಬನನ್ನೇ ನಂಬಿ ಕೂರಲು ಅದಕ್ಕೆ ಇಷ್ಟವಿರಲಿಲ್ಲ. ಅದೇ ಚಿಪ್ಪನ್ನು ಇನ್ನೊಬ್ಬರೂ ಮಾಡುವಂತಿರಬೇಕು ಅಂದಿತು. ಹಾಗೆ 1982ರಲ್ಲಿ ಇಂಟೆಲ್ ಮತ್ತು ಎಎಂಡಿ ಒಪ್ಪಂದಕ್ಕೆ ಬಂದವು. ಮುಂದೆ ಇಂಟೆಲ್ 386 ಚಿಪ್ಪಿನ ವಿನ್ಯಾಸ ಕೊಡಲು ಒಪ್ಪಲಿಲ್ಲ. ಇಬ್ಬರೂ 1995ರವರೆಗೆ ಕೋರ್ಟಿನಲ್ಲಿ ಕಾದಾಡಿದರು. ಅಂದರೆ ಎಎಂಡಿ ಇವತ್ತು ನಿಮ್ಮ ಅಂಗಡಿಯಲ್ಲಿ ಇರುವುದೇ ಒಬ್ಬ ದೊಡ್ಡ ಗಿರಾಕಿ ಹಟ ಹಿಡಿದದ್ದರಿಂದ. ಸೈರಿಕ್ಸ್, ನೆಕ್ಸ್‌ಜೆನ್, ಟ್ರಾನ್ಸ್‌ಮೆಟಾ ಅಂತ ಇನ್ನೂ ಕೆಲವರು ಈ ಎಕ್ಸ್86 ಜಾತಿಯ (ಇಂಟೆಲ್ ಹುಟ್ಟುಹಾಕಿದ ಸೂಚನೆಗಳನ್ನು ಓದುವ) ಚಿಪ್ ಮಾಡಿದರು. ಕೆಲವರನ್ನು ಬೇರೆಯವರು ಕೊಂಡರು, ಕೆಲವರು ಸೋತು ಹೋದರು. ಹೊಸಬರಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಪೇಟೆಂಟ್‌ಗಳ ಬೀಗ ಈ ಇಬ್ಬರ ಕೈಯಲ್ಲೇ ಇದೆ, ಒಬ್ಬರದ್ದನ್ನು ಇನ್ನೊಬ್ಬರು ಬಳಸುವ ಒಪ್ಪಂದವೂ ಇದೆ. ತಮಾಷೆ ನೋಡಿ, ಇವತ್ತು 64 ಬಿಟ್ ವಿಂಡೋಸ್ ಓಡುವುದು 2003ರಲ್ಲಿ ಎಎಂಡಿ ತಂದ ವಿಸ್ತರಣೆಯ ಮೇಲೆ. ಇಂಟೆಲ್ ಮಾರನೇ ವರ್ಷ ಅದನ್ನೇ ಅಳವಡಿಸಿಕೊಳ್ಳಬೇಕಾಯಿತು.

ಇದರ ಕೆಳಗೆ ಇನ್ನೂ ಇಕ್ಕಟ್ಟಾದ ಜಾಗ ಇದೆ. 2009ರಲ್ಲಿ ಎಎಂಡಿ ತನ್ನ ಕಾರ್ಖಾನೆಗಳನ್ನು ಬೇರೆ ಕಂಪನಿಯಾಗಿ ಬಿಟ್ಟುಕೊಟ್ಟಿತು. ಈಗ ಎಎಂಡಿ, ಎನ್‌ವಿಡಿಯ, ಆಪಲ್, ಕ್ವಾಲ್‌ಕಾಮ್, ಮೀಡಿಯಾಟೆಕ್ ಎಲ್ಲರೂ ತಮ್ಮ ಮುಖ್ಯ ಚಿಪ್‌ಗಳನ್ನು ಮಾಡಿಸುವುದು ಹೆಚ್ಚಾಗಿ ಟಿಎಸ್‌ಎಂಸಿಯಲ್ಲಿ. 2024ರ ಕೆಲವು ಇಂಟೆಲ್ ಲ್ಯಾಪ್‌ಟಾಪ್ ಚಿಪ್‌ಗಳ ಮುಖ್ಯ ಭಾಗವನ್ನೂ ಅಲ್ಲೇ ಮಾಡಿದ್ದಾರೆ. ಊರಿಗೊಂದೇ ಹಿಟ್ಟಿನ ಗಿರಣಿ ಇದ್ದ ಹಾಗೆ: ರಾಗಿ ಅವರವರದ್ದು, ಸಾಲು ಒಂದೇ, ಬೀಸುವ ಕೂಲಿ ಗಿರಣಿಯವನು ಹೇಳಿದ್ದು. ಆ ಗಿರಣಿಗೆ ಬೇಕಾದ ಇಯುವಿ ಯಂತ್ರ (ಬೆಳಕಿನಿಂದ ಚಿಪ್ಪಿನ ಮೇಲೆ ಅತಿ ಸಣ್ಣ ಗೆರೆ ಮೂಡಿಸುವಂಥದ್ದು) ಮಾಡುವುದು ಜಗತ್ತಿನಲ್ಲಿ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ. ಸ್ಟಿಕ್ಕರ್ ಮೇಲಿನ ಜಗಳ ನಿಜವೇ. ಆದರೆ ನಮಗೆ ಅನ್ನಿಸುವಷ್ಟು ಆಯ್ಕೆ ಆಳದಲ್ಲಿ ಇಲ್ಲ.

ಒಳಗೊಳಗೇ ಸೇರಿಕೊಂಡಿದ್ದಾರಾ ಅಂದಿರಿ. ಇಂಟೆಲ್ ಮತ್ತು ಎಎಂಡಿ ವಿಷಯದಲ್ಲಿ ನನಗೆ ಹಾಗನ್ನಿಸುವುದಿಲ್ಲ. ನಾನು ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಶನ್ ಕೆಲಸ ಮಾಡಿದವನು. ಈ ಕಂಪನಿಗಳಿಗೆಲ್ಲ ಇಲ್ಲಿ ಡಿಸೈನ್ ಕೇಂದ್ರಗಳಿವೆ. ಎಂಜಿನಿಯರುಗಳು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹಾರುತ್ತಲೇ ಇರುತ್ತಾರೆ, ಆದರೆ ಕೆಲಸದ ಒತ್ತಡ ನೋಡಿದರೆ ಎದುರಾಳಿಯ ಮೇಲಿನ ಹಟ ಗೊತ್ತಾಗುತ್ತದೆ. ಸೇರಿಕೊಂಡದ್ದು ಸಾಬೀತಾಗಿರುವುದು ಬೇರೆ ಕಡೆ, ರ‍್ಯಾಮ್‌ನಲ್ಲಿ. ಮೆಮೊರಿ ಚಿಪ್ ಬೆಲೆಯನ್ನು ಮಾತಾಡಿಕೊಂಡು ನಿಗದಿ ಮಾಡಿದ್ದಕ್ಕೆ 2005ರಲ್ಲಿ ಸ್ಯಾಮ್‌ಸಂಗ್ ಅಮೆರಿಕದಲ್ಲಿ 30 ಕೋಟಿ ಡಾಲರ್, ಹೈನಿಕ್ಸ್ 18.5 ಕೋಟಿ ಡಾಲರ್ ದಂಡ ಒಪ್ಪಿಕೊಂಡವು. ಇವತ್ತಿಗೂ ಆ ಮಾರುಕಟ್ಟೆ ಬಹುತೇಕ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರದ್ದೇ. 2025ರ ಕೊನೆಗೆ ರ‍್ಯಾಮ್ ಬೆಲೆ ಜಿಗಿಯಿತಲ್ಲ, ಅದಕ್ಕೆ ಕಾರಣ ಎಐ ಸರ್ವರ್‌ಗಳ ಹಸಿವು. ಮೂವರೂ ಲಾಭ ಜಾಸ್ತಿ ಇರುವ ಆ ಕಡೆಗೆ ತಿರುಗಿದರು. ಮೂವರೇ ಇದ್ದಾಗ ಒಳಒಪ್ಪಂದ ಇಲ್ಲದೆಯೂ ನಮಗೆ ಇಂಥ ಪೆಟ್ಟು ಬೀಳುತ್ತದೆ. ನಿಮ್ಮ ಕೊಟೇಶನ್‌ನಲ್ಲಿ ಪ್ರೊಸೆಸರ್‌ಗಿಂತ ರ‍್ಯಾಮ್ ಸಾಲನ್ನೇ ಹೆಚ್ಚು ಎಚ್ಚರದಿಂದ ನೋಡಿ ಅನ್ನುವುದು ಅದಕ್ಕೇ.

ಇಂಟೆಲ್ ಮುಳುಗುತ್ತಿದೆ ಅನ್ನುವ ನಿಮ್ಮ ಅಳಿಯನ ಮಾತಿಗೆ ಆಧಾರ ಇದೆ. 2024ರಲ್ಲಿ ಅದು 1,800 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ ತೋರಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರವೇ ಅದರಲ್ಲಿ ಸುಮಾರು ಶೇ. 10 ಪಾಲು ತೆಗೆದುಕೊಂಡಿತು. ಮುಂದಿನ ತಿಂಗಳು ಎನ್‌ವಿಡಿಯ 500 ಕೋಟಿ ಡಾಲರ್ ಹಾಕುವುದಾಗಿ ಹೇಳಿತು. ಇಂಥ ಕಂಪನಿಗೆ ಬೀಗ ಬೀಳಲು ಬಿಡುವುದು ಕಷ್ಟ. ಒಂದು ವೇಳೆ ಬಿದ್ದರೂ ನಿಮ್ಮ ಟ್ಯಾಲಿ, ನುಡಿ ನಿಲ್ಲುವುದಿಲ್ಲ. ಇಬ್ಬರ ಚಿಪ್ಪೂ ಅದೇ ಎಕ್ಸ್86 ಸೂಚನೆಗಳನ್ನು ಓದುತ್ತದೆ. ತಲೆಬಿಸಿ ಆಗುವುದು ಮದರ್‌ಬೋರ್ಡ್ ಕೆಟ್ಟಾಗ ಮಾತ್ರ. ಅದು ಕಂಪನಿ ಗಟ್ಟಿಯಾಗಿದ್ದರೂ ಐದಾರು ವರ್ಷಕ್ಕೆ ಎದುರಾಗುವ ತೊಂದರೆಯೇ.

ಇನ್ನು ಫೋನ್. ‘ಮೀಡಿಯಾಟೆಕ್ ಡಬ್ಬಾ’ ಅನ್ನುವುದು ಒಂದು ಕಾಲದ ಅಗ್ಗದ ಚೀನಾ ಫೋನುಗಳಿಂದ ಬಂದ ಹೆಸರು. ಒಳಗಿನ ಲೆಕ್ಕ ನೋಡಿ. ಸ್ನ್ಯಾಪ್‌ಡ್ರ್ಯಾಗನ್ ಮಾಡುವ ಕ್ವಾಲ್‌ಕಾಮ್, ಮೀಡಿಯಾಟೆಕ್ ಇಬ್ಬರೂ ಮಧ್ಯಮ ಬೆಲೆಯ ಚಿಪ್‌ಗಳಿಗೆ ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ) ವಿನ್ಯಾಸವನ್ನು ಬ್ರಿಟನ್ನಿನ ಆರ್ಮ್ ಕಂಪನಿಯಿಂದ ಲೈಸೆನ್ಸ್ ಪಡೆಯುತ್ತಾರೆ. ಸ್ನ್ಯಾಪ್‌ಡ್ರ್ಯಾಗನ್ 695ರಲ್ಲಿ ಎರಡು ದೊಡ್ಡ ಎ78 ಜಾತಿಯ ಕೋರ್, ಆರು ಸಣ್ಣ ಎ55. ಡೈಮೆನ್ಸಿಟಿ 7050ರಲ್ಲೂ ಎರಡು ಎ78, ಆರು ಎ55. ಎರಡೂ ಟಿಎಸ್‌ಎಂಸಿಯ 6 ನ್ಯಾನೊಮೀಟರ್. ಒಂದು ರಾಜ, ಇನ್ನೊಂದು ಡಬ್ಬಾ ಆಗುವುದು ಹೇಗೆ? ಸ್ನ್ಯಾಪ್‌ಡ್ರ್ಯಾಗನ್ ಬಿಸಿಯಾಗಿ ಹೆಸರು ಕೆಡಿಸಿಕೊಂಡದ್ದೂ ಇದೆ, 2015ರ 810 ಚಿಪ್. ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ ತಯಾರಾದ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 1 ಬಿಸಿ ಅಂತ ದೂರು ಬಂತು. 2022ರಲ್ಲಿ ಹೆಚ್ಚುಕಡಿಮೆ ಅದೇ ವಿನ್ಯಾಸವನ್ನು ಟಿಎಸ್‌ಎಂಸಿಯಲ್ಲಿ ಮಾಡಿಸಿ 8 ಪ್ಲಸ್ ಜೆನ್ 1 ಅಂತ ಬಿಟ್ಟರು, ತಣ್ಣಗಾಯಿತು.

ಕ್ವಾಲ್‌ಕಾಮ್‌ನ ನಿಜವಾದ ಹಿಡಿತ ಇರುವುದು ಮೋಡೆಮ್ (ಫೋನನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಚಿಪ್) ಮತ್ತು ಪೇಟೆಂಟ್‌ನಲ್ಲಿ. ಅದರ ಚಿಪ್ ಇಲ್ಲದ ಫೋನಿನಿಂದಲೂ ಅದಕ್ಕೆ ರಾಯಲ್ಟಿ ಬರುತ್ತದೆ. ಆ ರಾಯಲ್ಟಿಯ ಲೆಕ್ಕ ಇಡೀ ಫೋನಿನ ಬೆಲೆಯ ಮೇಲೆ. ಪೇಟೆಂಟ್ ಲೈಸೆನ್ಸ್ ಇಲ್ಲದಿದ್ದರೆ ಚಿಪ್ಪೇ ಕೊಡುವುದಿಲ್ಲ ಅನ್ನುವ ಅದರ ನೀತಿ ಕಾನೂನಿಗೆ ವಿರುದ್ಧ ಅಂತ ಅಮೆರಿಕದ ಕೆಳಗಿನ ಕೋರ್ಟು 2019ರಲ್ಲಿ ಹೇಳಿತು. ಮೇಲಿನ ಕೋರ್ಟು 2020ರಲ್ಲಿ ಅದನ್ನು ತಳ್ಳಿಹಾಕಿತು. ಅಂದರೆ ನೀವು ಮೀಡಿಯಾಟೆಕ್ ಫೋನ್ ಕೊಂಡರೂ ಕ್ವಾಲ್‌ಕಾಮ್‌ಗೆ ಸ್ವಲ್ಪ ಪಾಲು ಹೋಗಿಯೇ ಹೋಗುತ್ತದೆ. ಮಗಳ ಫೋನಿಗೆ ಚಿಪ್ಪಿನ ಜಾತಿ ಬಿಡಿ. ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ ಅಂತ ಫೋನ್ ಕಂಪನಿಯನ್ನು ಕೇಳಿ.

ಈಗ ನಿಮ್ಮ ಹತ್ತು ಯಂತ್ರ. ಎರಡೂ ಕಂಪನಿಯವರು ಸ್ಪರ್ಧೆಯಲ್ಲಿ ಕಲಿತ ಒಂದು ಕೆಟ್ಟ ಚಾಳಿ ಇದೆ, ಹಳೆಯ ಚಿಪ್ಪಿಗೆ ಹೊಸ ನಂಬರ್ ಅಂಟಿಸುವುದು. ರೈಜನ್ 5 7520ಯು ಅಂದರೆ 7000 ಸಾಲು, ಹೊಸದು ಅನ್ನಿಸುತ್ತದೆ. ಆ ಸಾಲಿನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ನೋಡಬೇಕು. 2 ಇದ್ದರೆ ಒಳಗಿರುವುದು 2019ರ ಕಾಲದ ಜೆನ್ 2 ವಿನ್ಯಾಸ. 4 ಇದ್ದರೆ ಜೆನ್ 4. ಇಂಟೆಲ್ ಕಡೆ ಐ3-ಎನ್305 ಅಂತ ಬರುತ್ತದೆ, ಹೆಸರಿಗೆ ಐ3, ಒಳಗೆ ಎಂಟೂ ಸಣ್ಣ ಕೋರ್. ಅದು ಟೈಪಿಂಗ್‌ಗೆ ಸಾಕು, ಆದರೆ ಐ3 ಬೆಲೆ ಕೊಡಬೇಡಿ.

ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸುವುದಾದರೆ ಇಂಟೆಲ್ ಐ3-12100 ಅಥವಾ ರೈಜನ್ 5 5600ಜಿ ದರ್ಜೆ ನಿಮಗೆ ಧಾರಾಳ. ನಂಬರಿನ ಕೊನೆಯ ಅಕ್ಷರವೇ ಇಲ್ಲಿ ಬಲೆ. 5600ಜಿ ಚಿಪ್ಪಿನಲ್ಲಿ ಗ್ರಾಫಿಕ್ಸ್ (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) ಒಳಗೇ ಇದೆ, ಬರೀ 5600ರಲ್ಲಿ ಇಲ್ಲ. ಇಂಟೆಲ್ 12400ರಲ್ಲಿ ಇದೆ, 12400ಎಫ್‌ನಲ್ಲಿ ಇಲ್ಲ. ಇಲ್ಲದ್ದನ್ನು ತಂದರೆ ಹತ್ತು ಯಂತ್ರಕ್ಕೂ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕಾಗುತ್ತದೆ. ರ‍್ಯಾಮ್ 8 ಜಿಬಿ ಒಂದೇ ಕಡ್ಡಿಯಲ್ಲಿ ಹಾಕಿಸಿ, ಒಂದು ಸ್ಲಾಟ್ ಖಾಲಿ ಇರಲಿ, ಬೆಲೆ ಇಳಿದಾಗ ಸೇರಿಸಬಹುದು. ರೈಜನ್‌ನ ಒಳಗಿನ ಗ್ರಾಫಿಕ್ಸ್ ಎರಡು ಕಡ್ಡಿ ಇದ್ದರೆ ಹೆಚ್ಚು ಚುರುಕು, ಆದರೆ ಟ್ಯಾಲಿಗೆ ಅದು ಗೊತ್ತೇ ಆಗುವುದಿಲ್ಲ.

ದುಡ್ಡು ಬಿಗಿ ಇದ್ದರೆ ಕಂಪನಿಗಳು ಬಳಸಿ ಬಿಟ್ಟ ರಿಫರ್ಬಿಶ್ಡ್ ಯಂತ್ರಗಳು ನನ್ನ ಪ್ರಕಾರ ಒಳ್ಳೆಯ ದಾರಿ. ಅಪಾಯ ಒಂದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ, ಒಂದೆರಡು ಅಪವಾದ ಬಿಟ್ಟರೆ, ಇಂಟೆಲ್ ಎಂಟನೇ ಜನರೇಷನ್ ಅಥವಾ ರೈಜನ್ 2000 ಸಾಲಿನಿಂದ ಮೇಲೆ ಬೇಕು. ಹಾಗಾಗಿ ಆರು, ಏಳನೇ ಜನರೇಷನ್ನಿನ ‘ಐ5’ ಯಂತ್ರಗಳು ರಾಶಿ ರಾಶಿ ಅಗ್ಗಕ್ಕೆ ಬಂದಿವೆ. ಐ5-7500 ಬೇಡ, ಐ5-8500 ಇರಲಿ. ಬಿಲ್ಲಿನಲ್ಲಿ ಬರೀ ‘ಐ5 ಕಂಪ್ಯೂಟರ್’ ಅಂತ ಬರೆಸಿಕೊಳ್ಳಬೇಡಿ. ಪೂರ್ತಿ ನಂಬರ್, ರ‍್ಯಾಮ್, ಎಸ್‌ಎಸ್‌ಡಿ, ವಾರಂಟಿ ಯಾರದ್ದು, ಎಷ್ಟು ತಿಂಗಳು ಅನ್ನುವುದೆಲ್ಲ ಬರಲಿ.

ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು 2024ರಿಂದ ಜೋರಾಗಿ ಬರುತ್ತಿವೆ, ಬ್ಯಾಟರಿ ಚೆನ್ನಾಗಿ ಬರುತ್ತದೆ. ಇಂಟೆಲ್–ಎಎಂಡಿ ಜೋಡಿಗೆ ಬಹಳ ವರ್ಷಗಳ ನಂತರ ಬಂದ ಗಟ್ಟಿ ಪೈಪೋಟಿ ಇದು, ನನಗೆ ಖುಷಿಯೇ. ಆದರೂ ನಿಮ್ಮ ಕೇಂದ್ರಕ್ಕೆ ಈಗಲೇ ಬೇಡ. ಎಕ್ಸ್86ಗೆ ಬರೆದ ಸಾಫ್ಟ್‌ವೇರನ್ನು ಅದು ಅನುವಾದ ಮಾಡಿಕೊಂಡು ಓಡಿಸುತ್ತದೆ, ಡ್ರೈವರ್‌ಗಳಿಗೆ ಆ ಅನುಕೂಲ ಇಲ್ಲ. ಹಳೆಯ ಪ್ರಿಂಟರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅವು ಮುನಿಸಿಕೊಳ್ಳಬಹುದು. ಯಾರಾದರೂ ತುಂಬ ಕಡಿಮೆಗೆ ಕೊಡುತ್ತೇನೆ ಅಂದರೆ ಆ ಸಾಧನಗಳನ್ನೂ ನಿಮ್ಮ ನುಡಿ ತಂತ್ರಾಂಶವನ್ನೂ ಪೆನ್‌ಡ್ರೈವ್ ಸಮೇತ ಅಂಗಡಿಗೇ ಒಯ್ಯಿರಿ. ಅಲ್ಲೇ ಹಾಕಿಸಿ, ಒಂದು ಪುಟ ಕನ್ನಡದಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆಸಿ. ಬಂದರೆ ಮಾತ್ರ ಅಡ್ವಾನ್ಸ್ ಕೊಡಿ.